ಚಿನ್ನದಂಥ ಹುಡುಗಿ ಅನ್ನಬೇಕಿತ್ತು

ನಮ್ಮ ಕಡೆ ಹೆಣ್ಣು ಒಪ್ಪುವ ಮೊದಲು ಗಂಡಿನವರು ಅಕ್ಕಪಕ್ಕದ ಮನೆಗಳಲ್ಲಿ ಸದ್ದಿಲ್ಲದೆ ವಿಚಾರಿಸಿಕೊಳ್ಳುತ್ತಾರೆ. ಹುಡುಗಿ ಹೇಗೆ ಎಂದು ಕೇಳಿದರೆ ಚಿನ್ನದಂಥ ಹುಡುಗಿ ಅನ್ನಬೇಕು, ಕಾಫಿ ಕೊಟ್ಟು ಕಳಿಸಬೇಕು. ಅಷ್ಟೇ. ಶಿಕಾರಿಪುರದಲ್ಲಿ ಇಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿದ ನನಗೆ ಅದೊಂದು ಮಾತು ಹೇಳಲಾಗಲಿಲ್ಲ.

ಪಕ್ಕದ ಮನೆಯವರು ಕುರಿ ಸಾಕಿದ್ದಾರೆ. ಡಿಗ್ರಿ ಮುಗಿಸಿ ಮನೆಯಲ್ಲಿರುವ ಅವರ ಮಗಳು ದಿನಾ ಬೆಳಿಗ್ಗೆ ಕುರಿಗಳಿಗೆ ಪೇಪರ್ ಓದಿ ಹೇಳುತ್ತಾಳೆ! ‘ಕೇಳ್ರೇ ಇಲ್ಲಿ, ಅಂಬ್ಲಿಗೊಳ ಡ್ಯಾಮ್ ತುಂಬೈತಂತೆ’ ಎಂದು ಅವಳು ಶುರುಮಾಡಿದರೆ ಕಾಂಪೌಂಡಿನ ಈಚೆ ನನಗೆ ನಗು ತಡೆಯುವುದಿಲ್ಲ. ಆ ಹುಡುಗಿ ಎಂದರೆ ನನಗೆ ಬಲು ಇಷ್ಟ.

ಹೋದ ತಿಂಗಳು, ಅವಳನ್ನು ನೋಡಿಹೋಗಿದ್ದ ಸೊರಬದ ಹುಡುಗನ ಸೋದರತ್ತೆ ನಮ್ಮ ಮನೆಗೆ ಬಂದರು. ಹುಡುಗ ಹುಡುಗಿ ಆಗಲೇ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಹಿರಿಯರು ಹೂಂ ಅನ್ನುವುದೊಂದು ಬಾಕಿ.

‘ಹುಡುಗಿ ಒಬ್ಬಳೇ ಮಾತಾಡ್ಕೊತಾಳಂತಲ್ರೀ, ಹೌದಾ?’ ಎಂದು ಕೇಳಿದರು.

ವಾಡಿಕೆ ಮೀರಿದ್ದಕ್ಕೆ ಇಂಗ್ಲಿಷಿನಲ್ಲಿ ಎಷ್ಟೆಲ್ಲ ಪದಗಳಿವೆ ಎಂದು ಅವತ್ತೇ ಕ್ಲಾಸಿನಲ್ಲಿ ಪಾಠ ಮಾಡಿ ಬಂದಿದ್ದೆ. ಆ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ. ‘ಅಬ್‌ನಾರ್ಮಲ್ ಅಂತೂ ಅಲ್ವೇ ಅಲ್ಲ ರೀ, ಅದು ಕಾಯಿಲೆಗೆ ಹೇಳೋ ಮಾತು. ಸ್ಟ್ರೇಂಜ್ ಅನ್ನೋಕೂ ಆಗಲ್ಲ. ವಿಯರ್ಡ್ ಅಂದ್ರೆ ತೀರಾ ಒರಟಾಯ್ತು. ಇವಳು ಸ್ವಲ್ಪ ಅನ್‌ಯೂಷುವಲ್, ಅಷ್ಟೇ’ ಎಂದು ಒಂದೊಂದನ್ನೂ ಬಿಡಿಸಿ ಹೇಳಿದೆ. ಆಹಾ, ಏನು ಜಾಣತನ! ಆಕೆ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಯಾರೂ ಕೇಳದ ಕಾಯಿಲೆಯ ಮಾತನ್ನು ಎತ್ತಿದವಳು ನಾನೇ.

ಸೊರಬದವರು ಮತ್ತೆ ಬರಲಿಲ್ಲ. ಹುಡುಗಿಗೆ ಏನೋ ಕಾಯಿಲೆಯಂತೆ ಎಂಬ ಸುದ್ದಿ ಮಾತ್ರ ಬಂತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಹಿರಿಯರು ಸುಮ್ಮನೆ ಹೇಳಿದರೇ? ನಿಜ ಹೇಳಿಬಿಡೋಣವೆಂದು ಪಕ್ಕದವರ ಗೇಟಿನ ತನಕ ಹೋಗುತ್ತೇನೆ, ಧೈರ್ಯ ಸಾಲದೆ ವಾಪಸ್ ಬರುತ್ತೇನೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಿನ್ನೆ ಹುಡುಗಿಯ ತಾಯಿಯೇ ಬಂದರು. ಅತ್ತು ಅತ್ತು ಕಣ್ಣು ಊದಿತ್ತು.

‘ಅಕ್ಕೋರೇ, ಯಾರೋ ನಮ್ ಹುಡ್ಗಿ ಬಾಳಿಗೆ ಮಣ್ಣು ಹಾಕ್ಯಾರ. ಅವ್ರ ಬಾಯಾಗ ಹುಳ ಬೀಳ! ನೀವು ಒಂದ್ಸಲ ಸೊರಬಕ್ಕೆ ಬಂದು ಹೇಳ್ರಿ. ಓದಿದೋರು ನೀವು, ನಿಮ್ ಮಾತು ನಂಬ್ತಾರೆ.’

‘ಆಯ್ತು, ಬರ್ತೀನಿ’ ಎಂದೆ. ಸೊರಬದವರು ಆಗಲೇ ನನ್ನ ಮಾತು ನಂಬಿದ್ದಾರೆ ಎಂದು ಆಕೆಯ ಮುಖ ನೋಡಿ ಹೇಳಲಾಗಲಿಲ್ಲ.