ತಾಳಗುಪ್ಪಕ್ಕೆ ಗಾಡಿ ತಡವಾಗಿ ಬಂದ ದಿನ

ನಾತಾಳದ, ಅಂದರೆ ಕ್ರಿಸ್‌ಮಸ್ಸಿನ ಸೂಟಿಗೆ ಜೋಗದ ಮೇಲಿನ ಗುಡ್ಡಕ್ಕೆ ಹೋಗಿ ಒಂದು ದಿನ ಆರಾಮಾಗಿ ಉಂಡು ಬರೋಣ ಎಂದು ಅಪ್ಪ ಮೂರು ವರ್ಷದಿಂದ ಹೇಳುತ್ತಲೇ ಇದ್ದ. ಹೇಳುವುದಕ್ಕೇನು ಕಡಿಮೆಯಿರಲಿಲ್ಲ. ಸಿದ್ದಾಪುರ ಪೇಟೆಯಲ್ಲಿ ಅವನದು ಹೊಲಿಗೆಯ ಅಂಗಡಿ. ಚಳಿ ಬಿತ್ತೆಂದರೆ ಊರಿನ ದೊಡ್ಡವರಿಗೆಲ್ಲ ಕೋಟು ನೆನಪಾಗುತ್ತಿತ್ತು, ನಮ್ಮ ಗುಡ್ಡ ಮುಂದಿನ ವರ್ಷಕ್ಕೆ ಹೋಗುತ್ತಿತ್ತು.

ಅರವತ್ತರ ಆಸುಪಾಸಿನ ಆ ಚಳಿಗಾಲದಲ್ಲಿ ಮಾತ್ರ ಅವ್ವ ಪಟ್ಟು ಹಿಡಿದಳು. ಅಪ್ಪ ಬಟ್ಟೆ ಖರೀದಿಗೆಂದು ಶಿವಮೊಗ್ಗಕ್ಕೆ ಹೊರಟಿದ್ದ. ಅಲ್ಲಿ ಅವನ ಅಕ್ಕ, ಅಂದರೆ ನನ್ನ ಅತ್ತೆಯ ಮನೆ ಇತ್ತು. “ಶನಿವಾರ ಮುಂಜಾನೆ ಗಾಡಿಗೆ ತಾಳಗುಪ್ಪದಾಗ ಇಳೀತೀನಿ. ನೀವಿಬ್ರೂ ಬುತ್ತಿ ಕಟ್ಟಿಕೊಂಡು ಸ್ಟೇಶನ್ನಿಗೇ ಬಂದುಬಿಡ್ರಿ. ಅಲ್ಲಿಂದ ಸೀದಾ ಗುಡ್ಡಕ್ಕ” ಎಂದು ಮಾತು ಕೊಟ್ಟು ಹೋದ. ಅವ್ವ ಆ ದಿನಕ್ಕೆಂದೇ ಬಳೆಗಾರನನ್ನು ಕರೆಸಿ ಎರಡೂ ಕೈಗೆ ಹಸಿರು ಬಳೆ ಇಡಿಸಿಕೊಂಡಳು. ನಲವತ್ತು ದಾಟಿದ ಹೆಂಗಸು ಗುಡ್ಡ ಹತ್ತಲು ಇಷ್ಟು ಸಿಂಗಾರ ಮಾಡಿಕೊಳ್ಳುವುದೇ ಎಂದು ನಾನು ಕಾಡಿಸಿದ್ದಕ್ಕೆ ತಲೆಗೊಂದು ಮೊಟಕಿದಳು.

ನನಗಾಗ ಇಪ್ಪತ್ತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಕೋಲಸಿರ್ಸಿಯ ಶಾಲೆಯಲ್ಲಿ ಅಕ್ಕೋರು ಆಗಿದ್ದೆ. ನಾಲ್ಕಕ್ಷರ ಕಲಿತ ಸೊಕ್ಕು ನೆತ್ತಿಗೇರಿದ್ದ ಕಾಲ ಅದು. ಶಕುನ, ದೃಷ್ಟಿ, ಹರಕೆ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಅಲ್ಲೇ ಪಾಠ ಶುರು ಮಾಡುತ್ತಿದ್ದೆ. ಮನೆಯಲ್ಲಿ ಎಲ್ಲರಿಗೂ ನನ್ನ ಪಾಠ ಸಾಕುಸಾಕಾಗಿತ್ತು.

ಶನಿವಾರ ಮೊದಲ ಬಸ್ಸಿಗೇ ತಾಳಗುಪ್ಪ ಮುಟ್ಟಿದೆವು. ಸ್ಟೇಶನ್ನಿನ ಸುತ್ತ ಮಂಜು ಇನ್ನೂ ಕರಗಿರಲಿಲ್ಲ; ಹಳಿ ಎಲ್ಲಿ ಮುಗಿಯುತ್ತದೆಂದು ಕಾಣುತ್ತಿರಲಿಲ್ಲ. ಹತ್ತೂವರೆಗೆ ಬರಬೇಕಾದ ಗಾಡಿ ಬರಲಿಲ್ಲ. ಸಾಗರದ ಆಚೆ ಹಳಿಯ ಮೇಲೆ ದೊಡ್ಡ ಮರ ಬಿದ್ದಿದೆ, ಕಡಿದು ಸರಿಸುವವರೆಗೆ ಏನೂ ಹೇಳಲಾಗುವುದಿಲ್ಲ ಎಂದು ಸ್ಟೇಶನ್ ಮಾಸ್ತರರು ಹೇಳಿದರು. ಅದೇ ಗಾಡಿ ತಿರುಗಿ ಹೊರಟಾಗ ಶಿವಮೊಗ್ಗಕ್ಕೆ ಹೋಗುವವಳೊಬ್ಬಳು ಎರಡು ಮಕ್ಕಳನ್ನು ಕಟ್ಟಿಕೊಂಡು ನಮ್ಮ ಪಕ್ಕ ಕೂತಿದ್ದಳು. ಅವಳು ಚಕ್ಕುಲಿ ಕೊಟ್ಟಳು, ಅವ್ವ ಅವಳ ಮಕ್ಕಳಿಗೆ ಶೇಂಗಾ ಉಂಡೆ ಕೊಟ್ಟಳು. ಹತ್ತು ನಿಮಿಷದಲ್ಲಿ ಇಬ್ಬರೂ ಒಂದೇ ಮನೆಯವರ ಹಾಗೆ ಹರಟತೊಡಗಿದರು.

ಹನ್ನೊಂದರ ಸುಮಾರಿಗೆ ಚಿಕ್ಕಪ್ಪ ಬಂದ. ಅಪ್ಪನ ತಮ್ಮ, ಯಲ್ಲಾಪುರದ ನಾಟಾ ಡಿಪೋದಲ್ಲಿ ಮರದ ದಿಮ್ಮಿಗಳ ಲೆಕ್ಕ ಬರೆಯುವ ಕಾರಕೂನ. ಅವನು ಅಲ್ಲಿಗೆ ಬರುವ ಕಾರಣವೇ ಇರಲಿಲ್ಲ. ತಲೆ ಕೆದರಿತ್ತು, ಅಂಗಿಯ ತುಂಬ ಲಾರಿಯ ಧೂಳು. ಅವ್ವನ ಎದುರಿಗೆ ಬಂದು ನಿಂತವನೇ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅಳತೊಡಗಿದ.

“ವೈನೀ, ಅಣ್ಣ ತೀರಿಕೊಂಡ.”

ಅವ್ವ ಅವನನ್ನೇ ನೋಡಿದಳು. “ಏನ್ ಮಾತಾಡ್ತಿ? ಗಾಡಿ ಬರ್ಲಿ, ಇಳೀತಾರ ನೋಡು” ಎಂದಳು.

ಅವನು ಕಿಸೆಯಿಂದ ತಂತಿಯ ಕಾಗದ ತೆಗೆದು ನನ್ನ ಕೈಗಿಟ್ಟ. ಅತ್ತೆಯ ಹೆಸರಿನಲ್ಲಿ ಶಿವಮೊಗ್ಗದಿಂದ ಬಂದದ್ದು. ಅಷ್ಟು ಇಂಗ್ಲಿಷು ನನಗೆ ಬರುತ್ತಿತ್ತು: ಅಣ್ಣ ತೀರಿಕೊಂಡ, ಕೂಡಲೇ ಹೊರಡು. ಹಿಂದಿನ ಸಂಜೆ ಚಿಕ್ಕಪ್ಪನಿಗೆ ಅದು ಸಿಕ್ಕಿತ್ತು. ಸಿಕ್ಕ ನಾಟಾ ಲಾರಿ ಹತ್ತಿ ಶಿರಸಿಯ ಮೇಲಿಂದ ಸಿದ್ದಾಪುರಕ್ಕೆ ಬಂದಿದ್ದ. ಮನೆಗೆ ಬೀಗ ಕಂಡು, ಪಕ್ಕದವರನ್ನು ಕೇಳಿ, ಇಲ್ಲಿಗೆ ಓಡಿ ಬಂದಿದ್ದ. ಇಂಗ್ಲಿಷಿನ ಅಷ್ಟೂ ಶಬ್ದಗಳನ್ನು ಮತ್ತೆ ಮತ್ತೆ ಓದಿದೆ. ಪ್ರತಿ ಸಲವೂ ಅದೇ ಅರ್ಥ ಬಂತು.

ಹೆಣ ನೋಡಲಿಕ್ಕಾದರೂ ಶಿವಮೊಗ್ಗಕ್ಕೆ ಹೋಗಬೇಕಿತ್ತು, ಆ ಹೊತ್ತಿಗೆ ಬಸ್ಸಿಲ್ಲದೆ, ಹೋಗಲು ಅದೇ ಗಾಡಿ ಬರಬೇಕಿತ್ತು. ಚಿಕ್ಕಪ್ಪ ಮೂರು ಟಿಕೀಟು ತಂದ. ಅವ್ವ ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು. ಅಳಲಿಲ್ಲ. ಹಾಗೆಯೇ ಒಂದು ತಾಸು ಕಳೆಯಿತು.

ಆಗ ನನ್ನ ತಲೆಯಲ್ಲಿ ಒಂದು ವಿಚಾರ ಬಂತು. ನಮ್ಮ ಕಡೆ ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆ ಎನ್ನುತ್ತಾರೆ. ಅದಕ್ಕೊಂದು ಪರಿಹಾರವೂ ಉಂಟು. ಮುಟ್ಟಿಸಿಕೊಂಡವನು ಸತ್ತೇ ಹೋದನೆಂದು ಹತ್ತಿರದ ಸಂಬಂಧಿಕರೊಬ್ಬರಿಗೆ ಸುಳ್ಳು ಸುದ್ದಿ ಮುಟ್ಟಿಸುವುದು. ಅವರು ನಂಬಿ ನಿಜವಾಗಿ ಅತ್ತರೆ ಆ ಕಣ್ಣೀರಿನಲ್ಲಿ ಸಾವು ಕಳೆದುಹೋಗುತ್ತದಂತೆ. ಆಮೇಲೆ ನಿಜ ತಿಳಿಸಿ ಎಲ್ಲರೂ ನಗುವುದು. ಹೆಂಡತಿಗೆ ಮಾತ್ರ ಆ ಸುದ್ದಿ ಹೇಳಬಾರದು. ಅತ್ತೆ ಇಂಥದನ್ನೆಲ್ಲ ಬಲವಾಗಿ ನಂಬುವವಳು. ತಂತಿ ಹೋದದ್ದು ಅವ್ವನಿಗಲ್ಲ, ಯಲ್ಲಾಪುರದ ತಮ್ಮನಿಗೆ. ಇದೂ ಅಂಥ ಸುಳ್ಳು ಸುದ್ದಿ ಯಾಕಾಗಿರಬಾರದು?

ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಿಂದಿನ ದಸರೆಯಲ್ಲಿ ಇದೇ ಕಾಗೆಯ ವಿಷಯಕ್ಕೆ ಅತ್ತೆಯ ಜೊತೆ ಜಗಳವಾಡಿ ಅವಳನ್ನು ಅಳಿಸಿದವಳು ನಾನು. ಈಗ ಒಂದು ಕಾಗೆಯ ಮೇಲೆ ಆಸೆ ಇಟ್ಟುಕೊಳ್ಳಲು ನನಗೆ ನಾಚಿಕೆಯಾಯಿತು. ಹೇಳಿ, ಅವ್ವ ನಂಬಿ, ಶಿವಮೊಗ್ಗದಲ್ಲಿ ಇಳಿದಾಗ ಅಪ್ಪ ಹೆಣವಾಗಿ ಚಾಪೆಯ ಮೇಲೆ ಮಲಗಿದ್ದರೆ? ಅವ್ವ ಎರಡು ಸಲ ಸಾಯಬೇಕಾಗುತ್ತದೆ. ಹೀಗೆಲ್ಲ ಲೆಕ್ಕ ಹಾಕಿ ಬಾಯಿ ಮುಚ್ಚಿಕೊಂಡೆ.

ಅವ್ವ ಎದ್ದಳು. ನೀರು ಕುಡಿಯಲು ಹೊರಟಳೆಂದುಕೊಂಡೆ. ನಲ್ಲಿಯ ಕಲ್ಲುಕಟ್ಟೆಯ ಹತ್ತಿರ ಹೋಗಿ, ಎರಡೂ ಕೈ ಎತ್ತಿ, ಮಣಿಕಟ್ಟನ್ನು ಕಲ್ಲಿಗೆ ಬಡಿದಳು. ಮತ್ತೆ ಬಡಿದಳು. ನಾನು ಓಡಿ ಹೋಗಿ ಹಿಡಿದುಕೊಳ್ಳುವಷ್ಟರಲ್ಲಿ ಒಂದು ಬಳೆಯೂ ಉಳಿದಿರಲಿಲ್ಲ. ಹಸಿರು ಚೂರುಗಳ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು. ರಕ್ತದ ಕೈಯಿಂದಲೇ ಹಣೆಯ ಕುಂಕುಮ ಒರೆಸಿಕೊಂಡಳು. ಚಕ್ಕುಲಿ ಕೊಟ್ಟಿದ್ದ ಹೆಂಗಸು ಮಕ್ಕಳ ಕಣ್ಣು ಮುಚ್ಚಿ, ಗಂಟುಮೂಟೆ ಎತ್ತಿಕೊಂಡು, ಪ್ಲಾಟ್‌ಫಾರ್ಮಿನ ಆ ತುದಿಗೆ ಹೋಗಿ ನಮ್ಮ ಕಡೆ ಬೆನ್ನು ಮಾಡಿ ಕೂತಳು. ಇಂದಿಗೂ ನನಗೆ ಆ ಬೆನ್ನಿನ ಮೇಲೆ ಸಿಟ್ಟಿದೆ.

ಗಾಡಿ ಬಂದಾಗ ಮೂರು ಗಂಟೆಯಾಗಿತ್ತು. ನಾವು ಹತ್ತಲೆಂದು ಎದ್ದು ನಿಂತೆವು. ಮೂರನೆಯ ಡಬ್ಬಿಯಿಂದ ಮೊದಲು ಬಟ್ಟೆಯ ಗಂಟು ಇಳಿಯಿತು, ಆಮೇಲೆ ಕಿತ್ತಳೆಯ ಚೀಲ, ಅದರ ಹಿಂದೆ ಅಪ್ಪ.

“ಏನ್ ಮಾಡೂದು ಮಾರಾಯ್ತಿ, ಮರ ಬಿದ್ದು ನಮ್ಮ ಗುಡ್ಡ ಹಾಳಾತು ನೋಡು” ಎಂದು ನಗುತ್ತ ಬಂದ.

ಚಿಕ್ಕಪ್ಪ ಕಿಟಾರನೆ ಕಿರುಚಿ ಕಂಬ ಹಿಡಿದುಕೊಂಡ. ಅಪ್ಪ ಅವ್ವನ ಹಣೆ ನೋಡಿದ, ಕೈ ನೋಡಿದ. ನಗು ಅರ್ಧಕ್ಕೇ ನಿಂತಿತು.

“ಏನಾಗೇತಿ? ಯಾರು ಹೋದ್ರು?”

ಚಿಕ್ಕಪ್ಪ ಕಂಬ ಬಿಟ್ಟು ಬಂದು ಅವನ ತೋಳು ಮುಟ್ಟಿ ನೋಡಿದ. ಕೊನೆಗೆ ನಾನೇ ಹೇಳಿದೆ: “ನೀನು.”

ತಂತಿಯನ್ನು ಅವನ ಕೈಗೆ ಕೊಟ್ಟೆ. ಅದನ್ನು ಹಿಡಿದುಕೊಂಡು ಚಿಕ್ಕಪ್ಪ ಹೇಳಿದ್ದನ್ನೆಲ್ಲ ಕೇಳಿದ ಅಪ್ಪ ತನಗೆ ತಿಳಿಯದೆಯೇ ನೆತ್ತಿ ಮುಟ್ಟಿಕೊಂಡ. “ನಿನ್ನೆ ಮುಂಜಾನೆ ಹಿತ್ತಲದಾಗ ಮುಖ ತೊಳೀತಿದ್ನಿ. ಕಾಗಿ ಒಂದು ತಲಿಗೆ ಬಡೀತು. ಅಕ್ಕ ಭಾಳ ಗದ್ದಲ ಮಾಡಿದ್ಳು. ನಾ ನಕ್ಕು ಸುಮ್ಮನಾದ್ನಿ” ಎಂದ. ಅವನು ಕೆಲಸಕ್ಕೆ ಹೊರಗೆ ಹೋದಾಗ ಅತ್ತೆ ತಂತಿ ಕಳಿಸಿದ್ದಳು. ಯಲ್ಲಾಪುರದ ತಮ್ಮ ಅತ್ತುಕೊಂಡು ಸಿದ್ದಾಪುರಕ್ಕೆ ಬರುವ ಹೊತ್ತಿಗೆ ಅಣ್ಣ ಬೆಳಗಿನ ಗಾಡಿಗೆ ಬಂದು ಹೆಂಡತಿ ಮಗಳ ಜೊತೆ ಇರುತ್ತಾನೆ, ಹಾಗಾಗಿ ಅವ್ವನಿಗೆ ಆ ಸುಳ್ಳಿನಿಂದ ಏನೂ ಆಗುವುದಿಲ್ಲ. ಇದು ಅವಳ ಎಣಿಕೆಯಾಗಿತ್ತೆಂದು ಆಮೇಲೆ ಗೊತ್ತಾಯಿತು. ಹಳಿಯ ಮೇಲಿನ ಮರ ಅವಳ ಎಣಿಕೆಯಲ್ಲಿರಲಿಲ್ಲ.

“ಹಂಗಾದ್ರ ಇನ್ನೂ ನೂರು ವರ್ಷ ನನಗೇನೂ ಆಗೂದಿಲ್ಲ ಬಿಡು” ಎಂದು ಅಪ್ಪ ನಗಲು ನೋಡಿದ. ಚಿಕ್ಕಪ್ಪನೂ ಅಳುತ್ತಲೇ ನಕ್ಕ. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಅವ್ವ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಅಪ್ಪನಿಂದ ಎರಡು ಹೆಜ್ಜೆ ಹಿಂದೆ ಸರಿದಳು.

“ನೀವು ಇರೂವಾಗ ನಾ ನನ್ನ ಕೈಯಾರೆ ಒಡಕೊಂಡ್ನಿ” ಎಂದಳು. “ಕಾಗಿ ಮುಟ್ಟಿದ್ದಕ್ಕ ಪರಿಹಾರ ಐತಿ. ಇದಕ್ಕೇನೈತಿ?”

ಅಪ್ಪ ಅವಳನ್ನು ಪೇಟೆಗೆ ಕರೆದುಕೊಂಡು ಹೋಗಿ ಬಳೆ ಅಂಗಡಿಯ ಎದುರು ಕೂರಿಸಿದ. ಕೈ ಬಾತುಕೊಂಡಿತ್ತು, ಗಾಯಕ್ಕೆ ಅರಿವೆ ಸುತ್ತಿತ್ತು. ಸೋಪು ಹಚ್ಚಿ, ಅವ್ವನನ್ನು ನೋಯಿಸಿ, ಅಂಗಡಿಯವಳು ಕೈಗೊಂದರಂತೆ ಎರಡೇ ಬಳೆ ಏರಿಸಿದಳು. ಬುತ್ತಿ ಬಿಚ್ಚುವ ಮಾತನ್ನು ಯಾರೂ ಎತ್ತಲಿಲ್ಲ.

ಸಿದ್ದಾಪುರದ ಬಸ್ಸಿನಲ್ಲಿ ಅಣ್ಣ ತಮ್ಮ ಮುಂದೆ ಕೂತರು, ಹಿಂದಿನ ಸೀಟಿನಲ್ಲಿ ಅವ್ವ ಮತ್ತು ನಾನು. ಹೇಳದೆ ಇರಲು ನನ್ನಿಂದ ಆಗಲಿಲ್ಲ.

“ಅವ್ವಾ, ಇದು ಕಾಗಿ ಸುದ್ದಿ ಇರಬಹುದು ಅಂತ ನನಗ ಆವಾಗ್ಲೇ ಅನ್ನಿಸಿತ್ತು.”

ಅವಳು ನಿಧಾನವಾಗಿ ನನ್ನ ಕಡೆ ತಿರುಗಿದಳು. “ಬಳಿ ಒಡಕೊಳ್ಳೂದಕ್ಕ ಮೊದ್ಲೋ, ಆಮ್ಯಾಲೋ?”

“ಮೊದ್ಲು.”

“ಮತ್ತ ಯಾಕ ಹೇಳಲಿಲ್ಲ?”

“ನಿನಗ ಸುಳ್ಳು ಆಸೆ ಹಚ್ಚಿದಂಗ ಆಗ್ತಿತ್ತಲ್ಲ.”

“ನಾಲ್ಕು ತಾಸು ನಿಮ್ಮತ್ತಿ ಸುಳ್ಳು ನಂಬಿದ್ನಲ್ಲ” ಎಂದಳು ಅವ್ವ. “ಅದರ ಬದಲಿ ನಿನ್ನ ಸುಳ್ಳು ಕೊಟ್ಟಿದ್ರ ಏನಾಗ್ತಿತ್ತು?”

ಅಷ್ಟು ಹೇಳಿ ಕಿಟಕಿಯ ಕಡೆ ಮುಖ ಮಾಡಿದವಳು ಸಿದ್ದಾಪುರ ಬರುವವರೆಗೂ ನನ್ನತ್ತ ತಿರುಗಲಿಲ್ಲ.