ಇಳಿಸಿದವರೇ ಹತ್ತಿಸಬೇಕು

ನನ್ನ ತಂಗಿಯನ್ನು ಮನೆಯಲ್ಲಿ ಎಲ್ಲರೂ ಮೊಂಡಿ ಅಂತಲೇ ಕರೆಯುವುದು. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದನ್ನು ತೋರಿಸಲು ಹೋದವರಿಗೆ ಮೊಲವೂ ಸಿಗುವುದಿಲ್ಲ, ಮರ್ಯಾದೆಯೂ ಸಿಗುವುದಿಲ್ಲ. ನಾನು ಕ್ಷೌರಿಕ. ಎಂಥೆಂಥ ದೊಡ್ಡವರ ತಲೆಗಳನ್ನೋ ಬಗ್ಗಿಸಿ ಕೂರಿಸಿದ್ದೇನೆ, ಅವಳದೊಂದು ಇವತ್ತಿಗೂ ಬಗ್ಗಿಲ್ಲ.

ಸೈನ್ಯ ಸೇರುವ ಮೊದಲು ಅವಳು ಸಿಟಿ ಬಸ್ಸು ಓಡಿಸುತ್ತಿದ್ದಳು. ಸೈನ್ಯದವರು ಅವಳ ಕೈಗೆ ಇಳಿಸುವ ಹಡಗು ಕೊಟ್ಟರು. ಬಾಹ್ಯಾಕಾಶದಲ್ಲಿ ದೊಡ್ಡ ಹಡಗೊಂದು ಕಾಯುತ್ತಿರುತ್ತದೆ. ಅದರೊಳಗಿಂದ ಹೊರಟು, ಸಿಪಾಯಿಗಳನ್ನು ಕೆಳಗಿನ ನೆಲಕ್ಕೆ ಬಿಟ್ಟು, ಕೆಲಸ ಮುಗಿದ ಮೇಲೆ ಹತ್ತಿಸಿಕೊಂಡು ಬರುವುದು ಈ ಚಿಕ್ಕ ಹಡಗಿನ ಪಾಡು. ಕಿಟಕಿಯಿಲ್ಲ, ಸೀಟಿಗೆ ಮೆತ್ತೆಯಿಲ್ಲ, ಬಾಗಿಲು ಹಿಂದುಗಡೆ. "ಇದೂ ಬಸ್ಸೇ ಕಣೋ ಅಣ್ಣ, ಟಿಕೆಟ್ ಇಲ್ಲ ಅಷ್ಟೇ," ಅನ್ನುತ್ತಿದ್ದಳು. ಅದನ್ನು ಓಡಿಸುವವರ ನಡುವೆ ಒಂದು ಮಾತಿದೆ: ಇಳಿಸಿದವರೇ ಹತ್ತಿಸಬೇಕು. ಅದನ್ನು ಯಾವ ಮೇಲಧಿಕಾರಿಯೂ ಅವರಿಗೆ ಕಲಿಸಿದ್ದಲ್ಲ.

ಬಸ್ಸಿನ ಕಾಲದಿಂದ ಮೊಂಡಿಗೊಂದು ಚಾಳಿ. ಇಳಿದವರು ಬಸ್ಸಿನ ಮುಂದಿನಿಂದ ರಸ್ತೆ ದಾಟುತ್ತಾರಲ್ಲ, ಅವರು ಆಚೆ ಬದಿ ಮುಟ್ಟುವವರೆಗೆ ಗಾಡಿ ಅಲ್ಲಾಡಿಸುತ್ತಿರಲಿಲ್ಲ. ಹಿಂದಿನವರು ಹಾರ್ನ್ ಹೊಡೆದು ಅವಳ ಏಳು ತಲೆಮಾರನ್ನು ನೆನೆದರೂ ಅಷ್ಟೇ. ಅದನ್ನೇ ಯುದ್ಧಕ್ಕೂ ಹೊತ್ತುಕೊಂಡು ಹೋದಳು ಮಹಾರಾಯ್ತಿ. ಶತ್ರುಗಳ ಚಂದ್ರನೊಂದರ ಮೇಲೆ ಸಿಪಾಯಿಗಳನ್ನು ಇಳಿಸಿದವಳು ತಕ್ಷಣ ಹಾರಬೇಕಿತ್ತು. ಅದು ಬಿಟ್ಟು, ಎಲ್ಲರೂ ಬಂಡೆಗಳ ಮರೆ ಸೇರುವವರೆಗೆ ಎಂಜಿನ್ ಉರಿಸಿಕೊಂಡು ಅವರಿಗೆ ಗುಂಡು ತಾಗದ ಹಾಗೆ ಅಡ್ಡ ನಿಂತಳು. ಇಂಧನ ಕರಗಿತು. ಮೇಲಿದ್ದ ದೊಡ್ಡ ಹಡಗು ಶತ್ರುಗಳ ಫಿರಂಗಿಗೆ ಹೆದರಿ ದೂರ ಓಡಿತು. ಆಮೇಲೆ ಹಾರಿದರೂ ಅದನ್ನು ಮುಟ್ಟಲಾಗದೆ ಮೊಂಡಿ ಒಬ್ಬಳೇ ಆ ಚಂದ್ರನ ಸುತ್ತ ತಿರುಗುತ್ತಾ ಉಳಿದಳು. ತಪ್ಪು ಅವಳದೇ, ಅಲ್ಲ ಅನ್ನುವುದಿಲ್ಲ. ಆದರೆ ಕೆಳಗೆ ಒಬ್ಬರಿಗೂ ಗುಂಡು ತಾಗಿರಲಿಲ್ಲ.

ಸೈನ್ಯದ ಕಚೇರಿಯಿಂದ ಜೀಪು ಬಂತು. ಅಮ್ಮ ಇಸ್ತ್ರಿ ಅಂಗಡಿಯವಳು. ಕೆಂಡ ಆರಿಸಿ, ಯಾರದೋ ಅಂಗಿಯನ್ನು ಅರ್ಧ ಮಡಚಿದ ಹಾಗೇ ಬಿಟ್ಟು ನನ್ನ ಜೊತೆ ಜೀಪು ಹತ್ತಿದಳು. ನಮ್ಮನ್ನು ಕೂರಿಸಿದ್ದು ಒಂದು ಉದ್ದನೆಯ ಕೋಣೆಯಲ್ಲಿ. ಮೇಜಿನ ತುಂಬ ಟೀ ಲೋಟ ಇಟ್ಟ ಕಲೆಗಳು, ನೆಲಕ್ಕೆ ಟೇಪು ಹಾಕಿ ಅಂಟಿಸಿದ ವೈರುಗಳು, ರೇಡಿಯೋ ಮುಂದೆ ಹೆಡ್‌ಫೋನ್ ಹಾಕಿದ ಆಪರೇಟರಮ್ಮ. ಮೇಲಧಿಕಾರಿ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಕತ್ತರಿಸಿದ ಮೀಸೆಯ ಮನುಷ್ಯ. ಯಾವ ಅಂಗಡಿಯ ಕೆಲಸವೋ.

"ಇರೋ ಇಂಧನಕ್ಕೆ ಒಂದೇ ಕೆಲಸ ಆಗುತ್ತೆ," ಅಂದ. "ಮೇಲೆ ಏರಿದ್ರೆ ನಮ್ಮ ಇನ್ನೊಂದು ಹಡಗು ಅವಳನ್ನ ಎತ್ಕೊಂಡು ಬರುತ್ತೆ. ಅವಳು ಕೆಳಗಿಳಿದು ಸಿಪಾಯಿಗಳನ್ನ ತರ್ತೀನಿ ಅಂತಾಳೆ. ತಂದ್ರೆ ಮತ್ತೆ ಅಷ್ಟು ಎತ್ತರ ಏರಕ್ಕಾಗಲ್ಲ. ನಮ್ಮ ಹಡಗು ಫಿರಂಗಿ ಬಾಯಿಗೆ ಇಳಿಯಲ್ಲ."

"ಸಿಪಾಯಿಗಳ ಗತಿ?" ಅಂದೆ ನಾನು.

"ಅವರನ್ನ ಆಮೇಲೆ ನೋಡೋಣ."

ಈ ಕಚೇರಿಗಳ 'ಆಮೇಲೆ' ನನಗೆ ಗೊತ್ತಿಲ್ಲವೇ? ಅದಕ್ಕೆ ಬೆಳಗಾಗುವುದೇ ಇಲ್ಲ. ಆದರೂ ಮೈಕು ಕೊಟ್ಟಾಗ ನಾನು ಅತ್ತೆ. "ಬಾರೇ ಮೊಂಡಿ, ನಿನ್ನ ಕಾಲಿಗೆ ಬೀಳ್ತೀನಿ." ಇದ್ದವಳು ಒಬ್ಬಳೇ ತಂಗಿ, ನನಗೇನು ನಾಚಿಕೆ? ಮಾತು ಹೋಗಿ ಬರಲು ಎರಡು ಮೂರು ಉಸಿರಿನ ಹೊತ್ತು ಹಿಡಿಯುತ್ತಿತ್ತು. ಬಂದ ಉತ್ತರ: "ಕಾಲು ಇಲ್ಲಿದೆಯಲ್ಲೋ ಅಣ್ಣ, ಹೇಗೆ ಬೀಳ್ತೀಯ?"

ಮೇಲಧಿಕಾರಿ ಅಮ್ಮನ ಕಡೆ ತಿರುಗಿ ಬೆಣ್ಣೆ ಹಚ್ಚಿದ. "ನೀವು ಹೇಳಿದ್ರೆ ಕೇಳ್ತಾಳಮ್ಮ. ಹೆತ್ತ ಕರುಳಲ್ವಾ?"

ಅಮ್ಮ ಮೈಕಿನ ಹತ್ತಿರ ಬಗ್ಗಿದಳು. "ಏನಾದ್ರೂ ತಿಂದ್ಯೇನೇ?"

"ತಿಂದೆ ಅಮ್ಮ."

"ಕೆಳಗಿರೋರು?"

"ಅವರ ಹತ್ರ ಏನೂ ಉಳಿದಿಲ್ಲಮ್ಮ. ನೀರೂ ಮುಗೀತಾ ಬಂತು."

"ಹಾಗಿದ್ಮೇಲೆ ನನ್ನ ಹತ್ರ ಏನು ಹರಟೆ? ಹೋಗು, ಕರ್ಕೊಂಡು ಬಾ."

ಮೇಲಧಿಕಾರಿ ಮೈಕು ಕಿತ್ತುಕೊಂಡ. "ನಿನಗೇನು ಹುಚ್ಚಾ ಅಮ್ಮ?" ಅಂತ ನಾನು ಕೂಗಿಬಿಟ್ಟೆ.

"ನಂಗೂ ಅವಳೊಬ್ಬಳೇ ಮಗಳು ಕಣೋ," ಅಂದಳು. "ಅವರನ್ನೆಲ್ಲ ಸಾಯಕ್ಕೆ ಬಿಟ್ಟು ಬಂದ್ರೆ ಅವಳು ಬದುಕಿದ ಹಾಗಾ?" ಅಷ್ಟು ಹೇಳಿ ಮೇಲಧಿಕಾರಿಯ ಕುರ್ಚಿಯಲ್ಲೇ ಕೂತಳು. "ನಿಮ್ಮ ಹಡಗು ಕೆಳಗಿಳಿಯೋವರೆಗೂ ನಾನು ಏಳಲ್ಲ." ಕಾವಲಿನವರಿಬ್ಬರು ಮುಂದೆ ಬಂದರು. "ಎತ್ತೋದಾದ್ರೆ ಕುರ್ಚಿ ಸಮೇತ ಎತ್ರಪ್ಪ," ಅಂದಳು. ಅವರು ಗೋಡೆಗೆ ಒರಗಿ ನಿಂತರು.

ರೇಡಿಯೋ ಸತ್ತಂತಿತ್ತು. ನಾನು ಎಲ್ಲರ ಮೇಲೂ ಹಲ್ಲು ಕಡಿಯುತ್ತಾ ಕೂತೆ, ಅಮ್ಮನ ಮೇಲೂ. ಎಷ್ಟೋ ಹೊತ್ತಿನ ಮೇಲೆ ಸಂತೆಯ ಗದ್ದಲದಂಥ ಸದ್ದು ಬಂತು. ಕೆಮ್ಮು, ಅಳು, ನಗು, ಯಾರೋ ಯಾರಿಗೋ "ಕಾಲು ತೆಗಿಯೋ ನನ್ನ ಮೇಲಿಂದ" ಅಂತ ಬೈಯುವುದು. ಆಪರೇಟರಮ್ಮ ಯಾರನ್ನೂ ಕೇಳದೆ ಅದನ್ನು ಸ್ಪೀಕರಿಗೆ ಹಾಕಿದಳು. ಪಕ್ಕದ ಕೋಣೆಗಳಿಂದ ಟೈಪಿಸ್ಟುಗಳು, ಜೀಪಿನವರು, ಅಡುಗೆಯವರು ಬಾಗಿಲಿಗೆ ಬಂದು ನಿಂತರು.

"ಎಲ್ಲರೂ ಹತ್ತಿದ್ರು," ಅಂದಳು ಮೊಂಡಿ. "ಇದಕ್ಕಿಂತ ಮೇಲೆ ಏರಕ್ಕಾಗಲ್ಲ. ಬರ್ತೀರೋ, ಬಿಡ್ತೀರೋ? ಬಿಡೋದಾದ್ರೆ ಇವರ ಹತ್ರಾನೇ ಹೇಳಿ. ಎಲ್ಲರೂ ಕೇಳಿಸ್ಕೊಳ್ತಿದಾರೆ."

ಮೇಲಧಿಕಾರಿ ಮೈಕು ನೋಡಿದ, ಬಾಗಿಲು ತುಂಬಿದ್ದ ಜನರನ್ನು ನೋಡಿದ. ಒಬ್ಬಳನ್ನಾದರೆ ಸುಮ್ಮನೆ ಕೈಬಿಡಬಹುದಿತ್ತೇನೋ. ಇನ್ನೊಂದು ಫೋನು ಎತ್ತಿ, "ಹಡಗು ಕೆಳಗಿಳಿಸಿ," ಅಂದ.

ಇಳಿಯಿತು. ಫಿರಂಗಿಗಳೂ ಸಿಡಿದವು. ಕೊನೆಗೆ ಆಪರೇಟರಮ್ಮ ಹೆಡ್‌ಫೋನ್ ಕಳಚಿ, "ಎಲ್ಲರೂ ಸಿಕ್ಕಿದ್ರು ಅಮ್ಮ, ನಿಮ್ಮ ಮಗಳೂ," ಅಂದಳು. ಆಗ ಅಮ್ಮ ಕುರ್ಚಿಯಿಂದ ಎದ್ದಳು.

"ಅಪ್ಪಣೆ ಮೀರಿದಾಳೆ," ಅಂದ ಮೇಲಧಿಕಾರಿ. "ಅವಳ ಕೆಲಸ ಇವತ್ತಿಗೆ ಹೋಯ್ತು ಅಂತ ತಿಳ್ಕೊಳ್ಳಿ."

"ಹೋಗ್ಲಿ ಬಿಡಿ ಸ್ವಾಮಿ," ಅಂದಳು ಅಮ್ಮ. "ಕೆಲಸ ಹೋದೋರು ಮನೆಗಾದ್ರೂ ಬರ್ತಾರೆ."