ಕೊಂಡಿಗೆ ಇಟ್ಟ ಕುಂಕುಮ

ಚಕ್ರವಿರುವ ಯಾವ ವಸ್ತು ಕಣ್ಣಿಗೆ ಬಿದ್ದರೂ ರಾಯಪ್ಪನವರು ಅದನ್ನು ಒಂದು ಬೆರಳಿನಿಂದ ಮೆಲ್ಲಗೆ ತಳ್ಳಿ, ಅದು ತಾನಾಗಿ ನಿಲ್ಲುವವರೆಗೆ ನೋಡುತ್ತ ನಿಲ್ಲುತ್ತಿದ್ದರು. ಕೂಸಿನ ಕೈಗಾಡಿಯಾಗಲಿ, ಸೊಪ್ಪಿನವಳ ತಳ್ಳುಗಾಡಿಯಾಗಲಿ, ಅವರಿಗೆ ಭೇದವಿರಲಿಲ್ಲ. ಒಮ್ಮೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸಾಂಬಾರಿನ ಟ್ರಾಲಿಯನ್ನು ಹೀಗೇ ತಳ್ಳಿದರು. ಅದು ನೆಟ್ಟಗೆ ಹೋಗದೆ ಎಡಕ್ಕೆ ಎಳೆದುಕೊಂಡು ಹೋಗಿ ಸೂಪರ್‌ವೈಸರ್ ಒಬ್ಬರ ಮೊಣಕಾಲಿಗೆ ಬಡಿದು, ಬಿಸಿ ಸಾಂಬಾರು ಅವರ ಪ್ಯಾಂಟಿನ ಮೇಲೆ ಚೆಲ್ಲಿತು. "ನೋಡುದ್ರಾ ಸಾ, ಮುಂದಿನ್ ಚಕ್ರ ಸೊಟ್ಟಗೈತೆ," ಎಂದರಂತೆ ನಮ್ಮ ರಾಯಪ್ಪನವರು. ಕ್ಷಮೆ ಕೇಳಬೇಕೆಂಬುದು ಆಮೇಲೆ ನೆನಪಾಯಿತಂತೆ.

ನಾನು ಜಾಲಹಳ್ಳಿಯ ಕಡೆ ಒಂದು ಕಾರ್ಖಾನೆಯಲ್ಲಿ ಕಾಯಿಲ್ ಸುತ್ತುವ ವಿಭಾಗದಲ್ಲಿದ್ದೆ. ನನ್ನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದವಳು ಗಂಗಮ್ಮ. ರಾಯಪ್ಪನವರು ಅವಳ ಗಂಡ, ಅಲ್ಲೇ ಟೂಲ್ ರೂಮಿನಲ್ಲಿ ಫಿಟ್ಟರ್. ಕ್ವಾರ್ಟರ್ಸಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರಿಗೆ ಮಕ್ಕಳಿರಲಿಲ್ಲ. ಅದರ ಬಗ್ಗೆ ಅವರಿಗಿಂತ ನೆರೆಹೊರೆಯವರೇ ಹೆಚ್ಚು ಮಾತಾಡುತ್ತಿದ್ದರು.

ಆ ವರ್ಷಗಳನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ದಣಿವು. ನಸುಕಿನಲ್ಲೇ ಎದ್ದು, ಸೈರನ್ ಕೂಗುವುದರೊಳಗೆ ಗೇಟು ದಾಟಿ, ಕೂದಲಿನಷ್ಟು ತೆಳುವಾದ ತಂತಿಯನ್ನು ಬೆನ್ನು ಬಗ್ಗಿಸಿಕೊಂಡು ಸುತ್ತಿ ಸುತ್ತಿ ಹೊರಗೆ ಬಂದರೆ, ಹಗಲಿನ್ನೂ ಉಳಿದಿದೆಯಲ್ಲಾ ಎಂದು ಬೇಸರವಾಗುತ್ತಿತ್ತು. ನಮ್ಮದು ಮೊದಲ ಪಾಳಿ, ರಾಯಪ್ಪನವರದು ಹೆಚ್ಚಾಗಿ ಎರಡನೆಯದು. ಗಂಡ ಹೆಂಡತಿ ಮುಖಾಮುಖಿಯಾಗುತ್ತಿದ್ದುದು ಕಾರ್ಖಾನೆಯ ಗೇಟಿನಲ್ಲಿ. ಅವಳು ಹೊರಗೆ, ಅವರು ಒಳಗೆ. ಬೀಗದ ಕೈ ಕೈ ಬದಲಾಗುತ್ತಿತ್ತು.

"ಅನ್ನ ಮಾಡಿಟ್ಟಿವ್ನಿ. ಸಾರು ನೀನ್ ನೋಡ್ಕೊ."

"ನೀರು ಬಂದಿತ್ತಾ?"

"ಬಂದಿತ್ತು."

ವಾರದ ರಜೆ ಬರುವ ತನಕ ಅವರ ಸಂಸಾರದ ಮಾತು ಅಷ್ಟೇ. ನಮ್ಮ ಮನೆಯದೂ ಇದಕ್ಕಿಂತ ಹೆಚ್ಚೇನಿರಲಿಲ್ಲ ಬಿಡಿ.

ಬೆಳಗಿನ ಹೊತ್ತು ಒಬ್ಬರೇ ಇರುತ್ತಿದ್ದ ರಾಯಪ್ಪನವರಿಗೆ ಜೊತೆಯಾಗಿದ್ದದ್ದು ಒಂದು ಆಟದ ರೈಲು. ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬರು ವಾಪಸು ಹೋಗುವಾಗ ತಮ್ಮ ಮಗನದನ್ನು ಇವರಿಗೆ ಕೊಟ್ಟುಹೋಗಿದ್ದರು. ಗೇಣುದ್ದದ ಎಂಜಿನ್, ಒಂದಿಷ್ಟು ಹಳಿ, ಕರೆಂಟು ಇಳಿಸುವ ಪೆಟ್ಟಿಗೆ. ಡಬ್ಬಿಗಳು ಮಾತ್ರ ಮುರಿದುಹೋಗಿದ್ದವು. ಬೇರೆ ಯಾರಾದರೂ ಆಗಿದ್ದರೆ ಎಂಜಿನ್ನನ್ನು ಷೋಕೇಸಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದರು. ಇವರು ಗೂಡ್ಸ್ ಡಬ್ಬಿಗಳನ್ನು ತಾವೇ ಮಾಡಲು ಕೂತರು. ಪೌಡರ್ ಡಬ್ಬದ ತಗಡಿನಿಂದ ಮೈ, ಛತ್ರಿಯ ಕಡ್ಡಿಯಿಂದ ಅಚ್ಚು. ಚಕ್ರಗಳನ್ನು ಪೀಣ್ಯದಲ್ಲಿ ಲೇತ್ ಇಟ್ಟುಕೊಂಡಿದ್ದ ಗೆಳೆಯರೊಬ್ಬರು ಕಡೆದುಕೊಟ್ಟರು. ಕಾರ್ಖಾನೆಯಿಂದ ಒಂದು ತುಂಡು ತಂತಿಯನ್ನೂ ತರಲಿಲ್ಲ. "ಅದು ನಮ್ದಲ್ಲ ಕಣಮ್ಮ," ಎನ್ನುತ್ತಿದ್ದರು. ಹಾಗಾಗಿ ಡಬ್ಬಿಗೆ ಡಬ್ಬಿ ಜೋಡಿಸುವ ಕೊಂಡಿಗಳ ತಂತಿಯೆಲ್ಲ ಬಂದದ್ದು ಗಂಗಮ್ಮನ ತಲೆಯಿಂದ. ಅವಳ ಹೇರ್‌ಪಿನ್ನುಗಳು ಒಂದೊಂದಾಗಿ ಮಾಯವಾಗಿ, ಅವಳು ದಾರ ಕಟ್ಟಿಕೊಂಡು ಕೆಲಸಕ್ಕೆ ಬರುವಂತಾಯಿತು.

"ನಮ್ಮೆಜಮಾನ್ರು ರೈಲಿಗೆ ಜಡೆ ಆಕ್ತಾವ್ರೆ ಕಣೆ ಸರೋಜ," ಎಂದು ಅವಳು ನಗುತ್ತಿದ್ದಳು. ನಗುವಿನಲ್ಲಿ ಸ್ವಲ್ಪ ಹುಳಿಯೂ ಇತ್ತು.

ಆ ಕೊಂಡಿ ನೋಡಲು ಸುಲಭ. ಒಂದು ಡಬ್ಬಿಯ ಬಾಲದಲ್ಲಿ ಬಳೆ, ಇನ್ನೊಂದರ ಮೂತಿಯಲ್ಲಿ ಕೊಕ್ಕೆ. ಎರಡೂ ಮುಟ್ಟಿದಾಗ ಕೊಕ್ಕೆ ತಾನಾಗಿ ಮೇಲೆದ್ದು, ತನ್ನ ಭಾರಕ್ಕೆ ತಾನೇ ಬಳೆಯೊಳಗೆ ಬೀಳಬೇಕು. ಬಿದ್ದರೆ ರೈಲು, ಬೀಳದಿದ್ದರೆ ಬರೀ ತಗಡು. ಎಲ್ಲ ಕೊಂಡಿಯೂ ಒಂದೇ ಎತ್ತರದಲ್ಲಿರಬೇಕೆಂದು ಅವರು ಹಿತ್ತಾಳೆಯ ಮಟ್ಟವೊಂದನ್ನು ಮಾಡಿಕೊಂಡಿದ್ದರು. ಹಗುರ ಡಬ್ಬಿ ತಿರುವಿನಲ್ಲಿ ಮಗುಚುತ್ತದೆಂದು ಒಳಗೆ ಸೀಸ ಕರಗಿಸಿ ಹೊಯ್ದಿದ್ದರು. ಆಮೇಲೆ ಆ ಒಂದು ಬೆರಳು. ತಳ್ಳಿ, ಉಸಿರು ಬಿಗಿಹಿಡಿದು ನೋಡುವುದು. ಬೇಗ ನಿಂತ ಡಬ್ಬಿಯನ್ನು ಮತ್ತೆ ಬಿಚ್ಚುವುದು.

ಒಂದು ರಜೆಯ ದಿನ ನನಗೂ ಒಂದು ಡಬ್ಬಿ ಕೊಟ್ಟು ಕೂರಿಸಿದರು. ನಾನು ಚಕ್ರಗಳನ್ನು ಹಿಡಿದಿಡುವ ಕೆಳಗಿನ ಸ್ಕ್ರೂ ಎರಡನ್ನೂ ಭದ್ರವಾಗಿ ತಿರುಗಿಸಿ ಶಹಭಾಸ್‌ಗಿರಿಗೆ ಕಾದೆ. ಡಬ್ಬಿ ಮೊದಲ ತಿರುವಿನಲ್ಲೇ ಹಳಿ ಬಿಟ್ಟಿತು.

"ಅಷ್ಟು ಬಿಗಿ ಮಾಡ್ಬ್ಯಾಡಮ್ಮ. ಒಂದ್ ಕಡೆ ಬಿಗಿ, ಒಂದ್ ಕಡೆ ಸಡ್ಲ. ಹಳಿ ಎಲ್ಲೆಲ್ಲಿ ಸೊಟ್ಟಗೈತೋ ಅಲ್ಲೆಲ್ಲ ಅದೂ ವಸಿ ವಾಲಾಡ್ಬೇಕು. ಇಲ್ದಿದ್ರೆ ಬೀಳ್ತದೆ."

ಸರಿ, ಸ್ವಲ್ಪ ಎಣ್ಣೆಯನ್ನಾದರೂ ಬಿಡೋಣವೆಂದು ನಾನು ಹೊಲಿಗೆ ಯಂತ್ರದ ಎಣ್ಣೆ ಡಬ್ಬಕ್ಕೆ ಕೈ ಹಾಕಿದೆ. ಎಂದೂ ದನಿಯೆತ್ತದ ಮನುಷ್ಯ ಕೂಗಿಬಿಟ್ಟರು. "ಎಣ್ಣೆ ಸೋಕುಸ್ಬ್ಯಾಡ! ಎಣ್ಣೆ ಧೂಳು ಇಡ್ಕಂತದೆ, ಕೊಕ್ಕೆ ಕಚ್ಕಂಡು ನಿಂತೋಯ್ತದೆ." ಅವರು ಹಾಕುತ್ತಿದ್ದುದು ಪೆನ್ಸಿಲ್ ಸೀಸದ ಪುಡಿ, ಅದೂ ಒಂದು ಚಿಟಿಕೆ. ಆಮೇಲೆ ಕೂಗಿದ್ದಕ್ಕೆ ನಾಚಿಕೊಂಡು ತಾವೇ ಕಾಫಿ ಮಾಡಿಕೊಟ್ಟರು. "ಎಳೆಯೋದ್ರಲ್ಲಿ ಏನೈತಮ್ಮ, ಎಂಜಿನ್ನು ಎಳೀತದೆ. ಸುಸ್ತಾಗೋದೆಲ್ಲ ಎಳುಸ್ಕೊಳೋ ಡಬ್ಬಿಗೆ," ಎಂದರು. ನನಗೆ ನಮ್ಮ ವಿಭಾಗದ ಸ್ಟೂಲುಗಳೆಲ್ಲ ಕಣ್ಣ ಮುಂದೆ ಬಂದವು.

ತೊಂದರೆಯಿದ್ದದ್ದು ಹಲಗೆಯಲ್ಲಿ. ಹಳಿಯನ್ನು ಜಡಿದಿದ್ದ ಆ ದೊಡ್ಡ ಹಲಗೆ ಅವರಿದ್ದ ಒಂದೇ ಕೋಣೆಯ ಮುಕ್ಕಾಲು ಪಾಲನ್ನು ನುಂಗಿತ್ತು. ಸೊಂಟದೆತ್ತರಕ್ಕೆ ನಿಲ್ಲಿಸಿದ್ದ ಅದರ ಕೆಳಗೇ ಇಬ್ಬರೂ ಚಾಪೆ ಹಾಸಿ ಮಲಗುತ್ತಿದ್ದರು. ಗಂಗಮ್ಮನಿಗೆ ಬೆನ್ನುನೋವು ಶುರುವಾಗಿತ್ತು. ಸ್ಟೂಲಿನಿಂದ ಏಳುವಾಗ ನನ್ನ ಹೆಗಲು ಹಿಡಿದುಕೊಂಡು ಏಳುತ್ತಿದ್ದಳು. ತಣ್ಣನೆಯ ಸಿಮೆಂಟ್ ನೆಲದ ಮೇಲೆ ಮಲಗಬೇಡಿ ಎಂದು ಡಾಕ್ಟರು ಹೇಳಿದರು. ಮಂಚ ಹಾಕಲು ಜಾಗವೆಲ್ಲಿದೆ?

ಒಂದು ದಿನ ಹಲಗೆಗೆ ತಲೆ ತಾಗಿಸಿಕೊಂಡು ಎದ್ದವಳು ಗಂಡನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. ನಾನು ಹಾಲಿಗೆಂದು ಹೋದವಳು ಬಾಗಿಲಲ್ಲಿದ್ದೆ.

"ನೋಡ್ರಿ, ಆಯುಧಪೂಜೆ ದಿವ್ಸ ಎಲ್ಲಾರ್ ಎದ್ರಿಗೆ ಒಂದ್ ಸುತ್ತು ಓಡ್ಸಿ. ಒಂದ್ ಡಬ್ಬಿನೂ ಕಳಚ್ಕೊಳ್ದಂಗೆ ಓಡುದ್ರೆ ಹಲಗೆ ಇಲ್ಲೇ ಇರ್ಲಿ, ನಾನು ಸಾಯೋಗಂಟ ನೆಲದ್ ಮೇಲೇ ಮಲೀಕತೀನಿ. ಕಳಚ್ಕಂಡ್ರೆ ನಂಗ್ ಮಂಚ ಬೇಕು."

"ಆಗ್ಲಿ," ಎಂದರು ರಾಯಪ್ಪನವರು. "ಮಾತು ಮಾತೇ."

ಸುದ್ದಿ ಸಾಲುಮನೆಗಳಿಗೆಲ್ಲ ಹಬ್ಬಿತು. ಗಂಡಸರು ರೈಲಿನ ಕಡೆ, ಹೆಂಗಸರು ಮಂಚದ ಕಡೆ. ರಾಯಪ್ಪನವರು ಪ್ರತಿ ಕೊಂಡಿಯನ್ನೂ ಬಿಚ್ಚಿ ಹೊಸದಾಗಿ ಕೂರಿಸಿದರು. ಎರಡನೆಯ ಪಾಳಿ ಮುಗಿಸಿ ಬಂದು ಸರಿಯಾಗಿ ನಿದ್ದೆಯಿಲ್ಲದೆ ಅವರ ಕಣ್ಣು ಕೆಂಪಾಗಿರುತ್ತಿದ್ದವು. ಹಬ್ಬದ ಹಿಂದಿನ ದಿನ ರಜೆ ಹಾಕಿ, ಸಂಜೆ ನಮ್ಮನ್ನೆಲ್ಲ ಕರೆದು ಓಡಿಸಿ ನೋಡಿದರು. ಇಡೀ ರೈಲು ನೀರು ಹರಿದ ಹಾಗೆ ಹೋಗಿಬಂತು. ಅವರು ಕಣ್ಣು ಮುಚ್ಚಿಕೊಂಡು ಸದ್ದನ್ನಷ್ಟೇ ಕೇಳುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಂಗಮ್ಮ, "ಪರ್ವಾಗಿಲ್ವೆ," ಎಂದಳು. ಅವಳು ಆ ರೈಲನ್ನು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿದ್ದು ಅಂದೇ ಮೊದಲು. ರಾಯಪ್ಪನವರ ಮುಖ ಅರಳಿತು.

ಮಾರನೆಯ ಬೆಳಿಗ್ಗೆ ಸಾಲಿನ ಮುಂದೆ ಶಾಮಿಯಾನ. ಸ್ಕೂಟರು, ಸೈಕಲ್ಲು, ಹೊಲಿಗೆ ಯಂತ್ರ, ಮಿಕ್ಸಿ, ಎಲ್ಲಕ್ಕೂ ಪೂಜೆ. ಹಲಗೆಯನ್ನು ನಾಲ್ಕು ಜನ ಹೊತ್ತು ತಂದು ನಡುವೆ ಇಟ್ಟರು. ರಾಯಪ್ಪನವರು ಬೂದುಗುಂಬಳ ತರಲು ಹೋದರು, ನಾನು ಕಂಬಗಳಿಗೆ ಮಾವಿನ ಸೊಪ್ಪು ಕಟ್ಟಲು ಹೋದೆ. ನಾವಿಬ್ಬರೂ ಹಿಂದಿರುಗುವ ಹೊತ್ತಿಗೆ ಗಂಗಮ್ಮ ತಲೆಗೆ ಸ್ನಾನ ಮಾಡಿ, ರೇಷ್ಮೆ ಸೀರೆಯುಟ್ಟು, ತಟ್ಟೆ ಹಿಡಿದು ಪೂಜೆ ಮುಗಿಸಿಬಿಟ್ಟಿದ್ದಳು. ಹಳಿಯ ಮೇಲೆ ಅಲ್ಲಲ್ಲಿ ಗಂಧ. ಎಂಜಿನ್ನಿಗೆ ಚೆಂಡು ಹೂ. ಪ್ರತಿ ಡಬ್ಬಿಯ ಎರಡೂ ಕೊಂಡಿಗೆ ಒಂದೊಂದು ಬೊಟ್ಟು ಕುಂಕುಮ. ಕಬ್ಬಿಣಕ್ಕೆ ಚೆನ್ನಾಗಿ ಅಂಟಲೆಂದು ಅದನ್ನು ಎಣ್ಣೆಯಲ್ಲಿ ಕಲಸಿದ್ದಳು.

"ಊರ್ ಗಾಡಿಗೆಲ್ಲ ಇಟ್ಟು ಇದ್ಕೊಂದು ಬ್ಯಾಡ್ವೆ? ಇದೂ ಗಾಡಿನೇ ಅಲ್ವೆ?" ಎಂದು ಕೈ ಮುಗಿದಳು.

ರಾಯಪ್ಪನವರ ಕೈ ಜೇಬಿನ ಕರ್ಚೀಫಿಗೆ ಹೋಯಿತು. ಅರ್ಧ ಹೊರಗೆಳೆದರು. ಹೆಂಡತಿಯ ಮುಖ ನೋಡಿದರು. ಕರ್ಚೀಫನ್ನು ಮತ್ತೆ ಒಳಗೆ ತುರುಕಿ, "ಚೆನ್ನಾಗೈತೆ," ಎಂದರು.

ಸ್ವಿಚ್ಚು ಒತ್ತಿದರು. ಎಂಜಿನ್ ಗಂಧದ ಮೇಲೆ ಮುಗ್ಗರಿಸಿ, ಗೊಣಗಿ, ಹೊರಟಿತು. ಮೊದಲ ತಿರುವಿನಲ್ಲಿ ಮುಂದಿನೆರಡು ಡಬ್ಬಿಗಳು ಮಾತ್ರ ಅದರ ಹಿಂದೆ ಹೋದವು, ಉಳಿದವು ನಿಂತೇಬಿಟ್ಟವು. ಜೋಡಿಸಿದರು. ಮತ್ತೆ ಕಳಚಿತು. ಕೊಕ್ಕೆಗಳು ಮೇಲಕ್ಕೆದ್ದಲ್ಲೇ ಅಂಟಿಕೊಂಡು, ಬಳೆಯೊಳಗೆ ಬೀಳಲು ಒಲ್ಲೆ ಎನ್ನುತ್ತಿದ್ದವು. ಮಕ್ಕಳು ಹೋ ಎಂದು ನಕ್ಕರು. ಹೆಂಗಸರು ಮಂಚ ಮಂಚ ಎಂದು ಚಪ್ಪಾಳೆ ತಟ್ಟಿದರು. ಗಂಗಮ್ಮ ಮಾತ್ರ ನಗಲಿಲ್ಲ.

ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, "ಎಣ್ಣೆ ರಾಯಪ್ಪನೋರೆ, ಕುಂಕುಮದ ಎಣ್ಣೆ. ಹೇಳಿ, ಒರೆಸಿ ಇನ್ನೊಂದ್ಸಲ ಓಡ್ಸಿ," ಎಂದು ಪಿಸುಗುಟ್ಟಿದೆ.

"ಸುಮ್ಕಿರಮ್ಮ," ಎಂದರು, ಅಷ್ಟೇ ಮೆಲ್ಲಗೆ. "ಇಷ್ಟು ವರ್ಸದಲ್ಲಿ ಅವ್ಳು ಇದನ್ನ ಕೈಯಾರೆ ಮುಟ್ಟಿದ್ದು ಇವತ್ತೇ." ಆಮೇಲೆ ಎಲ್ಲರಿಗೂ ಕೇಳಿಸುವಂತೆ, "ನಾನ್ ಸೋತೆ ಕಣೆ ಗಂಗಿ, ಮಂಚ ನಿಂದು," ಎಂದು ಸ್ವಿಚ್ಚು ಆರಿಸಿದರು.

ಗಂಗಮ್ಮ, "ಆಟಕ್ಕಂದಿದ್ದು, ಇರ್ಲಿ ಬುಡ್ರಿ," ಎಂದು ಎಷ್ಟು ಸಲ ಹೇಳಿದರೂ ಅವರು ಕೇಳಲಿಲ್ಲ. ಹಳಿ ಕಿತ್ತರು. ಬೇರೆ ಮಂಚವನ್ನೂ ತರಲಿಲ್ಲ. ಅದೇ ಹಲಗೆಯನ್ನು ಅಳತೆಗೆ ಕೊಯ್ದು, ಗಟ್ಟಿ ಕಾಲು ಕೂರಿಸಿ ಮಂಚ ಮಾಡಿದರು. ರೈಲು ಟ್ರಂಕಿನೊಳಗೆ ಸೇರಿತು. ಆಮೇಲೆ ಅವರು ಅದನ್ನು ಹೊರತೆಗೆದದ್ದನ್ನು ನಾನು ನೋಡಲಿಲ್ಲ. ರಜೆಯ ದಿನ ಬೆಳಗಿನ ಹೊತ್ತು ಗೋಡೆಯಾಚೆಯಿಂದ ಕೇಳುತ್ತಿದ್ದ ಸಣ್ಣ ಅರದ ಸದ್ದು ನಿಂತಿತು. ನನಗೆ ಅದು ತುಂಬ ದಿನ ಬೇಸರ ತಂದಿತು.

ನಿವೃತ್ತರಾದ ಮೇಲೆ ಇಬ್ಬರೂ ಮಾದನಾಯಕನಹಳ್ಳಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡು ಹೋದರು. ರಾಯಪ್ಪನವರನ್ನು ನಾನು ಕೊನೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ. ಶ್ವಾಸಕೋಶ ಸೋತಿತ್ತು. ಮಾತಿಗೆ ಮಾತಿಗೆ ಉಸಿರು ಬೇಕು. ಪರೀಕ್ಷೆಗೆ ಕರೆದೊಯ್ಯಲು ಗಾಲಿಮಂಚದ ಮೇಲೆ ಮಲಗಿಸಿ ತಳ್ಳುತ್ತಿದ್ದರು. ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ಅವರು ಬೆರಳಾಡಿಸಿ ನನ್ನನ್ನು ಬಗ್ಗಿಸಿಕೊಂಡರು. ಏನೋ ದೊಡ್ಡ ಮಾತು ಹೇಳುತ್ತಾರೆಂದುಕೊಂಡೆ.

"ಎಡಗಡೆ ಚಕ್ರ... ಬಿಗಿಯಾಗೈತೆ," ಎಂದರು.

ಆ ವರ್ಷ ಅವರ ಮನೆಯಲ್ಲಿ ಹಬ್ಬವಿಲ್ಲ. ಆಯುಧಪೂಜೆಯ ದಿನ ಗಂಗಮ್ಮ ಒಬ್ಬಳೇ ಇರುತ್ತಾಳಲ್ಲ ಎಂದು ಬಸ್ಸು ಹಿಡಿದು ಹೋದೆ. ತುಮಕೂರು ರಸ್ತೆಯ ಲಾರಿಗಳೆಲ್ಲ ಬಾಳೆಕಂದು ಕಟ್ಟಿಕೊಂಡು ನಿಂತಿದ್ದವು. ಗಂಗಮ್ಮ ಹಾಸಿಗೆ ಸುತ್ತಿಟ್ಟು, ಬರೀ ಮಂಚದ ಮೇಲೆ ಟ್ರಂಕು ತೆರೆದುಕೊಂಡು ಕೂತಿದ್ದಳು. ಹಲಗೆಯ ತುಂಬ ಹಳಿಯ ಮೊಳೆಗಳ ತೂತು ಹಾಗೇ ಇದ್ದವು. ಇಷ್ಟು ವರ್ಷ ಅವಳು ಮಲಗಿದ್ದು ಅದರ ಮೇಲೆ.

"ಕೊಂಡಿ ಜೋಡ್ಸೋದು ನಿಂಗೊತ್ತಲ್ವೇನೆ?" ಎಂದಳು.

ಕೊಯ್ದ ಹಲಗೆಗೆ ಹೊಂದುವ ಹಾಗೆ ಸುತ್ತನ್ನು ಸ್ವಲ್ಪ ಚಿಕ್ಕದು ಮಾಡಿ ಇಬ್ಬರೂ ಹಳಿ ಕೂರಿಸಿದೆವು. ನಾನು ಹಿತ್ತಾಳೆಯ ಮಟ್ಟ ಹಿಡಿದು ಕೊಂಡಿಗಳನ್ನು ನೋಡಿದೆ. ಒಂದಿಷ್ಟೂ ಕೊಳೆಯಿಲ್ಲ, ಕೊಕ್ಕೆಗಳು ಮುಟ್ಟಿದರೆ ಸಾಕು, ಬೀಳುತ್ತಿದ್ದವು.

"ಅವತ್ತು ಕೆಟ್ಟಿದ್ದು ನನ್ ಕುಂಕುಮ್ದಿಂದ," ಎಂದಳು ಗಂಗಮ್ಮ, ತಲೆಯೆತ್ತದೆ. "ಟ್ರಂಕಿಗಾಕೋ ಮುಂಚೆ ಒಂದೊಂದೇ ಕೊಂಡಿ ಒರೆಸ್ತಾ ಕೂತಿದ್ರು. ಬಟ್ಟೆ ಕೆಂಪಗಾಗಿತ್ತು. ಆಗ ತಿಳೀತು. ನಾನ್ ಕೇಳ್ಲಿಲ್ಲ, ಅವ್ರು ಯೋಳ್ಲಿಲ್ಲ. ಮಂಚದಾಸೆಗೆ ಬೇಕೂಂತ ಮಾಡುದ್ಲು ಅಂದ್ಕೊಂಡ್ರೋ ಏನೋ ಕಣೆ. ಅವ್ರು ಗೆಲ್ಲಲಿ ಅಂತ ಇಟ್ಟಿದ್ದು ನಾನು."

ಆಗ ನಾನು ಶಾಮಿಯಾನದ ಕೆಳಗೆ ಅವರು ಪಿಸುಗುಟ್ಟಿದ ಮಾತನ್ನು ಹೇಳಿದೆ, ಒಂದಕ್ಷರ ಬಿಡದೆ. ಗಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ನಾನೂ ಅತ್ತೆ. ಕೆಲಸ ಮುಗಿದ ಮೇಲೆ ಸ್ಟೂಲಿನಿಂದ ಏಳಲಾರದೆ ಕೂತಿರುತ್ತಿದ್ದೆವಲ್ಲ, ಹಾಗೆ ಇಬ್ಬರೂ ಆ ಹಲಗೆಗೆ ಒರಗಿ ಕೂತೆವು.

ಆಮೇಲೆ ಅವಳೇ ಎದ್ದು ಸ್ವಿಚ್ಚು ಒತ್ತಿದಳು. ಎಂಜಿನ್ ಸ್ವಲ್ಪ ಹೊತ್ತು ಗುಂಯ್ ಎಂದು, ಹೊರಟಿತು. ಮೊದಲ ತಿರುವು ದಾಟಿತು. ಎರಡನೆಯದೂ ದಾಟಿತು. ಕೊನೆಯ ಡಬ್ಬಿ ಬಾಲ ಅಲ್ಲಾಡಿಸುತ್ತ ಹೊರಟ ಜಾಗಕ್ಕೇ ಬಂತು. ಒಂದೂ ಕಳಚಲಿಲ್ಲ.

"ಗೆದ್ರಲ್ಲೇ," ಎಂದಳು ಗಂಗಮ್ಮ.

ನಾನು ಹೊರಡುವಾಗ ಅವಳು ಚಾಪೆಯನ್ನು ಮಂಚದ ಪಕ್ಕದ ನೆಲದ ಮೇಲೆ ಬಿಡಿಸುತ್ತಿದ್ದಳು. ಹಳಿಯಾಗಲಿ ರೈಲಾಗಲಿ ಮಂಚದ ಮೇಲಿಂದ ಕದಲಿರಲಿಲ್ಲ.

"ಇದೇನೆ ಗಂಗಾ, ನಿನ್ ಬೆನ್ನು?" ಎಂದೆ.

"ಮಾತು ಮಾತೇ," ಎಂದಳು.